ಒಂದು ಲಕ್ಷ ಯೆನ್ ಮತ್ತು ಶೆಟ್ಟರ ಬಾಕಿ ಪುಸ್ತಕ

2020ರಲ್ಲಿ ಜಪಾನ್ ಸರ್ಕಾರ ನನಗೂ ಒಂದು ಲಕ್ಷ ಯೆನ್ ಕೊಟ್ಟಿತು. ಆ ವರ್ಷದ ಏಪ್ರಿಲ್ 27ರಂದು ಇಲ್ಲಿನ ನಿವಾಸಿಗಳ ದಾಖಲೆಯಲ್ಲಿ ಹೆಸರಿದ್ದ ಪ್ರತಿಯೊಬ್ಬರಿಗೂ, ಹಸುಗೂಸಿನಿಂದ ಹಣ್ಣುಮುದುಕರವರೆಗೆ, ಹೊರದೇಶದವರನ್ನೂ ಬಿಡದೆ, ಅಷ್ಟೇ ಮೊತ್ತ. ಆಗಿನ ಲೆಕ್ಕದಲ್ಲಿ ಸುಮಾರು 70,000 ರೂಪಾಯಿ. ಅರ್ಜಿಯನ್ನು ನಗರಸಭೆಯೇ ಮನೆಗೆ ಅಂಚೆಯಲ್ಲಿ ಕಳುಹಿಸಿತ್ತು. ಬ್ಯಾಂಕ್ ಖಾತೆಯ ಸಂಖ್ಯೆ ಬರೆದು, ಗುರುತಿನ ಚೀಟಿಯ ಪ್ರತಿ ಇಟ್ಟು ವಾಪಸು ಹಾಕಿದರೆ ಮುಗಿಯಿತು. ಕೊರೊನಾದಿಂದ ಕಷ್ಟಕ್ಕೆ ಸಿಕ್ಕವರಿಗೆ ಕೈಕಾಸಾಗಲಿ, ಕುಸಿದ ವ್ಯಾಪಾರ ಮೇಲೇಳಲಿ ಎಂಬುದು ಉದ್ದೇಶ. ನನ್ನ ಸಂಬಳ ನಿಂತಿರಲಿಲ್ಲ. ಹಣ ಬ್ಯಾಂಕಿಗೆ ಬಂತು, ಬ್ಯಾಂಕಿನಲ್ಲೇ ಉಳಿಯಿತು. ಕಚೇರಿಯಲ್ಲಿ ನನ್ನ ಅಕ್ಕಪಕ್ಕದವರದೂ ಅದೇ ಕತೆ. ಹಂಚಿದ ಹಣ ಉಳಿತಾಯ ಖಾತೆ ಸೇರಿತು ಎಂದು ಆಗಿನ ಹಣಕಾಸು ಸಚಿವ ತಾರೊ ಆಸೊ ಅವರೇ ಬಹಿರಂಗವಾಗಿ ಹೇಳಿದರು.

ಅದೇ ದಿನಗಳಲ್ಲಿ ಚಿಂತಾಮಣಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಅಕ್ಕನ ಜನಧನ ಖಾತೆಗೆ 500 ರೂಪಾಯಿ ಬಿದ್ದಿತ್ತು. ಏಪ್ರಿಲ್‌ನಿಂದ ಜೂನ್‌ವರೆಗೆ ಮೂರು ತಿಂಗಳು ಮಹಿಳೆಯರ ಜನಧನ ಖಾತೆಗಳಿಗೆ ಕೇಂದ್ರ ಸರ್ಕಾರ ಹಾಕಿದ ಹಣ ಅದು. ಬ್ಯಾಂಕಿನ ಮುಂದೆ ಜನ ಮುಗಿಬೀಳಬಾರದೆಂದು ಖಾತೆ ಸಂಖ್ಯೆಯ ಕೊನೆಯ ಅಂಕಿ ನೋಡಿ ದಿನ ಗೊತ್ತುಮಾಡಿದ್ದರು. ತನ್ನ ದಿನ ಬಂದಾಗ ಅಕ್ಕ ಹಣ ತೆಗೆದಳು. ಮನೆಗೂ ಹೋಗದೆ ನೇರವಾಗಿ ಶೆಟ್ಟರ ದಿನಸಿ ಅಂಗಡಿಗೆ ಹೋಗಿ ಬಾಕಿಗೆ ಕಟ್ಟಿದಳು. ಭಾವನ ಖಾತೆಗೆ ಪಿಎಂ ಕಿಸಾನ್ ಯೋಜನೆಯ 2,000 ರೂಪಾಯಿಯ ಕಂತು ಬಂದಾಗಲೂ ಹೆಚ್ಚುಕಡಿಮೆ ಹಾಗೆಯೇ ಆಯಿತು: ಅರ್ಧ ಶೆಟ್ಟರಿಗೆ, ಅರ್ಧ ಹಸುಗಳ ಹಿಂಡಿ, ಬೂಸಾಕ್ಕೆ.

ನನ್ನ ಒಂದು ಲಕ್ಷ ಯೆನ್ ಮಾಡದ ಕೆಲಸವನ್ನು ಅಕ್ಕನ ಐನೂರು ಮಾಡಿತು ಎಂದು ನಾನು ನಂಬಿದ್ದೇನೆ. ಹೇಗೆಂಬುದನ್ನು ಬಿಡಿಸಿ ಹೇಳಬೇಕು.

ಶೆಟ್ಟರ ಅಂಗಡಿಯಲ್ಲಿ ಕೆಂಪು ರಟ್ಟಿನ ಉದ್ದನೆಯ ಬಾಕಿ ಪುಸ್ತಕವಿದೆ. ಪುಟಕ್ಕೊಂದು ಮನೆ. ಮೇಲೆ ಯಜಮಾನನ ಹೆಸರು, ಅದರ ಕೆಳಗೆ ತಾರೀಖು, ಬೇಳೆ, ಎಣ್ಣೆ, ಸೋಪು, ಬೀಡಿ. ಹಣ ಕೊಟ್ಟಾಗ ಒಂದು ಅಡ್ಡಗೆರೆ. ಅಕ್ಕನ ಮನೆಯ ಪುಟದಲ್ಲಿ ಡೇರಿಗೆ ಹಾಕಿದ ಹಾಲಿನ ಹಣ ಬಟವಾಡೆಯಾದ ದಿನ ಒಂದು ಗೆರೆ ಬೀಳುತ್ತದೆ, ಟೊಮೆಟೊ ಮಾರಿದ ದಿನ ಇನ್ನೊಂದು. ಆ ಏಪ್ರಿಲ್‌ನಲ್ಲಿ ಟೊಮೆಟೊ ಕೇಳುವವರಿರಲಿಲ್ಲ. ಗೆರೆ ಬೀಳದೆ ಬಾಕಿ ಪುಟದ ತಳ ಮುಟ್ಟಿತ್ತು. ಶೆಟ್ಟರು ಕಟುಕರಲ್ಲ. ಚಿಂತಾಮಣಿಯ ಸಗಟು ವ್ಯಾಪಾರಿ ಅವರಿಗೆ ಕೊಡುತ್ತಿದ್ದ ವಾರದ ಸಾಲ ನಿಲ್ಲಿಸಿ ನಗದು ಕೇಳಿದ್ದ. ಹಾಗಾಗಿ ಅವರೂ ಊರಿನವರಿಗೆ ಕೈ ಮುಗಿದು ನಗದು ಎಂದರು. ಅಕ್ಕ ಕೊಟ್ಟಳು, ಪಕ್ಕದ ಮನೆಯವರು ಕೊಟ್ಟರು, ಹಿಂದಿನ ಬೀದಿಯವರು ಕೊಟ್ಟರು. ಶೆಟ್ಟರು ಆ ಹಣ ಹಿಡಿದು ಪೇಟೆಗೆ ಹೋಗಿ ಸರಕು ತಂದರು. ಸರಕು ಬಂದ ಮೇಲೆ ಪುಸ್ತಕ ಮತ್ತೆ ತೆರೆಯಿತು.

“ಕಟ್ಟಿದ್ದು ಐನೂರು, ಮನೆಗೆ ತಂದ ದಿನಸಿ ಅದರ ಎರಡರಷ್ಟು. ಬಾಕಿ ಕಟ್ಟದೆ ಬೇರೆ ಕಡೆ ನಗದು ಕೊಟ್ಟು ಕೊಂಡಿದ್ದರೆ ಐನೂರಿನದೇ ತಾನೆ ಬರುತ್ತಿದ್ದದ್ದು? ನೀನೇ ಹೇಳಪ್ಪ” ಎಂದು ಅಕ್ಕ ಫೋನಿನಲ್ಲಿ ಕೇಳಿದ್ದಳು.

ಸರ್ಕಾರ ಕೊಟ್ಟ ಒಂದು ರೂಪಾಯಿಯಲ್ಲಿ ಎಷ್ಟು ಪೈಸೆ ಹೊಸ ಖರೀದಿಗೆ ಹೋಯಿತು ಎಂದು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕುತ್ತಾರೆ. ಸಾಲ ತೀರಿಸಿದ ಹಣವನ್ನು ಉಳಿತಾಯದ ಪಕ್ಕದಲ್ಲೇ ಬರೆದು, ಅಷ್ಟು ಹಣ ಮಾರುಕಟ್ಟೆಗೆ ಬರಲಿಲ್ಲ ಎನ್ನುತ್ತಾರೆ. ಬ್ಯಾಂಕಿನ ಸಾಲವಾದರೆ ಅದು ಸರಿ. ಹಳ್ಳಿಯ ಅಂಗಡಿಯ ಬಾಕಿಗೆ ಆ ಲೆಕ್ಕ ಸಲ್ಲದು. ಅಲ್ಲಿ ಬಾಕಿ ತೀರುವುದೆಂದರೆ ಮುಂದಿನ ವ್ಯಾಪಾರಕ್ಕೆ ಬಾಗಿಲು ತೆರೆಯುವುದು. ಮಂಡಿಯವರ ಮುಂಗಡ, ಗೊಬ್ಬರದಂಗಡಿಯ ಸಾಲ, ಹಿಂಡಿಯ ಸಾಲ, ಎಲ್ಲವೂ ಹೀಗೆಯೇ ಒಂದಕ್ಕೊಂದು ಹೆಣೆದುಕೊಂಡಿವೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಈ ಹೆಣಿಗೆ ಅರಿಯದೆ ಮಾಡಿದ ಯಾವ ಉತ್ತೇಜನವೂ ಕೆಳಗಿನವರೆಗೆ ಇಳಿಯುವುದಿಲ್ಲ.

ಹಣ ಕೊಟ್ಟರೂ ಜನ ಖರ್ಚು ಮಾಡದ ತೊಡಕು ಜಪಾನಿಗೆ ಹೊಸದಲ್ಲ. 1999ರಲ್ಲೇ, ಹದಿನೈದು ವರ್ಷದೊಳಗಿನ ಮಕ್ಕಳಿರುವ ಮನೆಗಳಿಗೆ ಮಗುವೊಂದಕ್ಕೆ 20,000 ಯೆನ್‌ನಂತೆ, ಕೆಲವು ವರ್ಗದ ಹಿರಿಯರಿಗೂ ಅಷ್ಟೇ ಮೊತ್ತದ ಖರೀದಿ ಕೂಪನ್ ಹಂಚಿದರು. ಆರು ತಿಂಗಳೊಳಗೆ, ತಮ್ಮ ಊರಿನ ಅಂಗಡಿಗಳಲ್ಲೇ ಬಳಸಬೇಕು. ಆಮೇಲೆ ಅಧ್ಯಯನ ಮಾಡಿದವರಿಗೆ ಕಂಡದ್ದೇನೆಂದರೆ, ನೂರು ಯೆನ್ ಕೂಪನ್ನಿನಲ್ಲಿ ಹತ್ತರಿಂದ ಇಪ್ಪತ್ತು ಯೆನ್ ಮಾತ್ರ ಹೊಸ ಖರೀದಿ, ಅದೂ ಬಟ್ಟೆಬರೆಯಂಥ ವಸ್ತುಗಳ ಮೇಲೆ. ಉಳಿದದ್ದರಲ್ಲಿ ಜನ ಹೇಗೂ ಕೊಳ್ಳುತ್ತಿದ್ದುದನ್ನೇ ಕೊಂಡು, ಕೈಯಲ್ಲಿದ್ದ ನಗದನ್ನು ಎತ್ತಿಟ್ಟರು. ಉಂಡು ತೊಟ್ಟು ಮಿಗುವ ಮನೆಗೆ ಕೂಪನ್ ಆದರೇನು, ನಗದಾದರೇನು?

ಆದರೆ ಒಂದು ವಿಷಯದಲ್ಲಿ ಇವರ ಪದ್ಧತಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಹಣ ಯಾವ ಅಂಗಡಿಗೆ ಹೋಗಬೇಕು ಎಂಬುದನ್ನು ಇವರು ಮೊದಲೇ ಯೋಚಿಸುತ್ತಾರೆ. 2019ರ ಅಕ್ಟೋಬರ್‌ನಲ್ಲಿ ಇಲ್ಲಿನ ಬಳಕೆ ತೆರಿಗೆ ಶೇ 8ರಿಂದ 10ಕ್ಕೆ ಏರಿತು. ವ್ಯಾಪಾರ ಕುಗ್ಗಬಾರದೆಂದು ಮರುವರ್ಷದ ಜೂನ್‌ವರೆಗೆ, ನಗದಿಲ್ಲದೆ ಪಾವತಿಸಿದವರಿಗೆ ಸ್ವಲ್ಪ ಹಣ ಮರಳಿಸಿದರು: ಸಣ್ಣ, ಮಧ್ಯಮ ಅಂಗಡಿಯಲ್ಲಿ ಕೊಂಡರೆ ಶೇ 5, ದೊಡ್ಡ ಹೆಸರಿನಡಿ ನಡೆಯುವ ಸರಣಿ ಮಳಿಗೆಯಲ್ಲಿ ಶೇ 2, ದೊಡ್ಡ ಕಂಪನಿಗಳ ಅಂಗಡಿಗೆ ಏನೂ ಇಲ್ಲ. ಕೊಳವೆಬಾವಿಯ ನೀರನ್ನು ಹೊಲದ ತುಂಬ ಹಾಯಿಸದೆ ಗಿಡದ ಬುಡಕ್ಕೆ ಹನಿಸುವ ನಮ್ಮ ಕಡೆಯ ರೈತನಿಗೆ ಈ ವಿವೇಕವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಟೋಕಿಯೊ ಪಕ್ಕದ ನಮ್ಮ ಊರಿನಲ್ಲಿ ನಾನು ಕೊಂಡಿದ್ದ ಕೂಪನ್ ಪುಸ್ತಕವೂ ಅಂಥದ್ದೇ. ಹತ್ತು ಸಾವಿರ ಯೆನ್ ಕೊಟ್ಟರೆ ಹನ್ನೆರಡು ಸಾವಿರದ ಚೀಟಿಗಳು, ಒಂದೊಂದೂ ಐನೂರರದು. ಹೆಚ್ಚಿನ ಎರಡು ಸಾವಿರ ಸರ್ಕಾರದ ಪಾಲು. ಚೀಟಿಗಳಲ್ಲಿ ಎರಡು ಬಣ್ಣ: ಒಂದು ಬಣ್ಣದ್ದು ಸೂಪರ್ ಮಾರ್ಕೆಟ್ಟಿನಲ್ಲೂ ನಡೆಯುತ್ತದೆ, ಇನ್ನೊಂದು ಸಣ್ಣ ಅಂಗಡಿಗಳಿಗಷ್ಟೇ ಮೀಸಲು. ಚಿಲ್ಲರೆ ವಾಪಸಿಲ್ಲ. ಗಡುವು ಚೀಟಿಯ ಮೇಲೆಯೇ ಅಚ್ಚಾಗಿರುತ್ತದೆ. ನಾನು ಅದುವರೆಗೆ ರೈಲು ನಿಲ್ದಾಣದ ಮಹಡಿಯಲ್ಲಿದ್ದ ಅಗ್ಗದ ಸರಣಿ ಸಲೂನಿಗೆ ಹೋಗುತ್ತಿದ್ದೆ. ಆ ಚೀಟಿ ಮುಗಿಸಲು ಬೀದಿಯ ವಯಸ್ಸಾದ ಕ್ಷೌರಿಕರ ಅಂಗಡಿ ಹೊಕ್ಕೆ. ಅವರು ಚೀಟಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಹಿಂಬದಿಗೆ ಅಂಗಡಿಯ ಮೊಹರು ಒತ್ತಿ, ಗಲ್ಲಾಪೆಟ್ಟಿಗೆಯಲ್ಲಿ ಅದಕ್ಕೆಂದೇ ಇಟ್ಟ ಲಕೋಟೆಯೊಳಗೆ ಹಾಕಿದರು. ಲಕೋಟೆ ದಪ್ಪಗಿತ್ತು. ಚೀಟಿಗಳು ಮುಗಿದ ಮೇಲೂ ನಾನು ಅವರಲ್ಲಿಗೇ ಹೋಗುತ್ತೇನೆ. ಹೊಸ ಖರೀದಿಯ ಲೆಕ್ಕದಲ್ಲಿ ಇದು ಸೊನ್ನೆ, ಏಕೆಂದರೆ ಕ್ಷೌರ ಹೇಗೂ ಮಾಡಿಸಿಕೊಳ್ಳುತ್ತಿದ್ದೆ. ಆ ಅಂಗಡಿಗೆ ಮಾತ್ರ ಅದು ಸೊನ್ನೆಯಲ್ಲ.

ಈಗ ನಮ್ಮ ಕಡೆ ನೋಡಿ. 2020ರ ಅಕ್ಟೋಬರ್ 12ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಬೇಡಿಕೆ ಹೆಚ್ಚಿಸಲೆಂದು ಎರಡು ಯೋಜನೆ ಪ್ರಕಟಿಸಿದರು. ಕೇಂದ್ರ ನೌಕರರಿಗೆ ಹಬ್ಬದ ಮುಂಗಡವಾಗಿ ಬಡ್ಡಿಯಿಲ್ಲದ 10,000 ರೂಪಾಯಿ, ರುಪೇ ಕಾರ್ಡಿನಲ್ಲಿ, ಹತ್ತು ಕಂತುಗಳಲ್ಲಿ ಹಿಂದಿರುಗಿಸುವಂತೆ. ಇನ್ನೊಂದು, ರಜೆ ಪ್ರವಾಸದ ಭತ್ಯೆಯ ಬದಲಿಗೆ ನಗದು. ಅದಕ್ಕೆ ಪ್ರಯಾಣ ದರದ ಮೂರು ಪಟ್ಟು ಖರ್ಚು ಮಾಡಬೇಕು. ಶೇ 12 ಅಥವಾ ಅದಕ್ಕಿಂತ ಹೆಚ್ಚು ಜಿಎಸ್‌ಟಿ ಇರುವ ವಸ್ತುವನ್ನೇ ಕೊಳ್ಳಬೇಕು. ಜಿಎಸ್‌ಟಿ ನೋಂದಣಿ ಇರುವ ಅಂಗಡಿಯಲ್ಲೇ, ಡಿಜಿಟಲ್ ಪಾವತಿಯಲ್ಲೇ ಕೊಳ್ಳಬೇಕು. ಈ ಷರತ್ತುಗಳನ್ನು ಒಂದೊಂದಾಗಿ ಶೆಟ್ಟರ ಅಂಗಡಿಯ ಮುಂದೆ ನಿಂತು ಓದಿ. ಬೇಳೆ, ಅಕ್ಕಿ, ತರಕಾರಿ ಹೊರಗೆ. ವರ್ಷಕ್ಕೆ 40 ಲಕ್ಷದೊಳಗೆ ವಹಿವಾಟು ಮಾಡುವ, ನೋಂದಣಿ ಬೇಕಿಲ್ಲದ ಅಂಗಡಿಗಳು ಹೊರಗೆ. ಸಂತೆ ಪೂರ್ತಿ ಹೊರಗೆ. ಟೋಕಿಯೊದಲ್ಲಿ ಸಣ್ಣ ಅಂಗಡಿಗೆ ಹೆಚ್ಚು ಪಾಲು ಕೊಟ್ಟರೆ, ನಾವು ಅದಕ್ಕೆ ಬಾಗಿಲೇ ಇಡಲಿಲ್ಲ. ಫ್ರಿಜ್ಜು, ಟೀವಿ ಮಾರುವವರಿಗೆ ಅನುಕೂಲವಾಗಿರಬಹುದು, ಅದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಆ ಹೊತ್ತಿನಲ್ಲಿ ಕುಸಿದು ಬಿದ್ದಿದ್ದವರು ಬೇರೆಯವರು.

ರಾಜ್ಯ ಸರ್ಕಾರ ಅದಕ್ಕಿಂತ ಮೊದಲೇ, ಮೇ ತಿಂಗಳಲ್ಲಿ, ಅವರ ಹೆಸರು ಹಿಡಿದು ಕರೆದಿತ್ತು ಎಂಬುದನ್ನು ಹೇಳಲೇಬೇಕು. ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಪ್ರಕಟಿಸಿದ 1,610 ಕೋಟಿ ರೂಪಾಯಿಯ ಪ್ಯಾಕೇಜಿನಲ್ಲಿ ಅಗಸರಿಗೆ, ಕ್ಷೌರಿಕರಿಗೆ, ಆಟೊ, ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ ಇತ್ತು. ಹೂವು ಬೆಳೆದವರಿಗೆ ಹೆಕ್ಟೇರಿಗೆ 25,000. ಮದುವೆಯಿಲ್ಲ, ಜಾತ್ರೆಯಿಲ್ಲ, ದೇವಸ್ಥಾನದ ಬಾಗಿಲೂ ಮುಚ್ಚಿದೆ ಎಂದು ಹೂವನ್ನು ತಿಪ್ಪೆಗೆ ಸುರಿದ ಚಿಕ್ಕಬಳ್ಳಾಪುರದ ರೈತರಿಗೆ ಅದು ದೊಡ್ಡ ಆಸರೆಯೇ. ಯಾರಿಗೆ ಕೊಡಬೇಕು ಎಂಬ ಗುರಿ ತಪ್ಪಿರಲಿಲ್ಲ. ತಲುಪಿಸುವ ದಾರಿ ದುರ್ಗಮವಾಗಿತ್ತು. ಬಸ್ಸು ಓಡದ ದಿನಗಳಲ್ಲಿ ಆನ್‌ಲೈನ್ ಅರ್ಜಿ, ವೃತ್ತಿಗೆ ಪ್ರಮಾಣಪತ್ರ ಎಂದರೆ, ಕತ್ತರಿ ಬಾಚಣಿಗೆ ಬಿಟ್ಟರೆ ಬೇರೆ ದಾಖಲೆಯಿಲ್ಲದ ಮನುಷ್ಯ ಎಲ್ಲಿಗೆ ಹೋಗಬೇಕು? ನನ್ನ ಮನೆಗೆ ಅಂಚೆಯಲ್ಲಿ ಬಂದ ಆ ಅರ್ಜಿ ಹಾಳೆ ನೆನಪಾದಾಗಲೆಲ್ಲ ನಮ್ಮೂರಿನ ಕ್ಷೌರದಂಗಡಿಯೂ ನೆನಪಾಗುತ್ತದೆ. ಅಗತ್ಯವಿಲ್ಲದವನ ಮನೆಬಾಗಿಲಿಗೆ ಹಣ ಬಂತು. ಅಗತ್ಯವಿದ್ದವನು ಅದನ್ನು ಹುಡುಕಿಕೊಂಡು ಅಲೆದ.

ಇಲ್ಲಿನ ಕನ್ನಡಿಗರ ಕೂಟಗಳಲ್ಲಿ ಗೃಹಲಕ್ಷ್ಮಿಯ ಮಾತು ಬಂದರೆ ಕೆಲವರು ‘ಬಿಟ್ಟಿ ಭಾಗ್ಯ’ ಎಂದು ತಳ್ಳಿಹಾಕುತ್ತಾರೆ. ಹಾಗೆನ್ನುವವರೂ ನಾನೂ ಒಂದೇ ಕೂಪನ್ ಪುಸ್ತಕಕ್ಕೆ ಸಾಲಿನಲ್ಲಿ ನಿಂತವರು. ನಾವು ಪಡೆದದ್ದು ಆರ್ಥಿಕ ಉತ್ತೇಜನ, ನನ್ನ ಅಕ್ಕ ಪಡೆದದ್ದು ಬಿಟ್ಟಿ ಎಂಬುದನ್ನು ನಾನು ಒಪ್ಪುವುದಿಲ್ಲ, ಆ ಮಾತು ನನಗೆ ನೋವು ಕೊಡುತ್ತದೆ. 2023ರ ಆಗಸ್ಟ್‌ನಲ್ಲಿ ಶುರುವಾದ ತಿಂಗಳಿಗೆ 2,000 ರೂಪಾಯಿಯ ಆ ಯೋಜನೆಗೆ ರಾಜ್ಯ ವರ್ಷಕ್ಕೆ 28,000 ಕೋಟಿಯಷ್ಟು ಖರ್ಚು ಮಾಡುತ್ತಿದೆ. ಅದು ಸಣ್ಣ ಹೊರೆಯಲ್ಲ; ರಸ್ತೆ, ನೀರಾವರಿಗೆ ಹಣ ಸಾಲದು ಎಂಬ ವಾದದಲ್ಲೂ ಹುರುಳಿದೆ. ಆದರೆ ಖರ್ಚು ಮಾಡುವುದೇ ಹೌದಾದರೆ, ಅದು ಕೊಡುವ ಫಲ ಪೂರ್ತಿ ಸಿಗಬೇಕು. ಕಂತು ಎರಡು ಮೂರು ತಿಂಗಳು ತಡವಾಗಿ, ಆಮೇಲೆ ಒಟ್ಟಿಗೆ ಬಿದ್ದರೆ ಅರ್ಧ ಫಲ ಹೋದಂತೆಯೇ. ಹದಿನೈದನೇ ತಾರೀಖಿಗೆ ಹಣ ಬರುವುದು ಖಚಿತವಿದ್ದರೆ ಒಂದನೇ ತಾರೀಖಿಗೇ ಅಂಗಡಿಯವರು ಸಾಮಾನು ಕೊಡುತ್ತಾರೆ. ಯಾವಾಗ ಬರುತ್ತದೋ ತಿಳಿಯದ ಹಣವನ್ನು ನಂಬಿ ಯಾರೂ ಅರ್ಧ ಲೀಟರ್ ಎಣ್ಣೆ ಅಳೆಯುವುದಿಲ್ಲ.

ನಮ್ಮ ಜಿಲ್ಲೆಗಳು ಇದನ್ನು ಹಾಲಿನಿಂದ ಕಲಿತಿವೆ. ಟೊಮೆಟೊ ಬೆಲೆಯನ್ನು ಯಾರು ನಂಬುತ್ತಾರೆ? 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿತ್ತು. ಬೇರೆ ವರ್ಷಗಳಲ್ಲಿ ಕೊಯ್ದ ಕೂಲಿಯೂ ಹುಟ್ಟದೆ ರಸ್ತೆಗೆ ಸುರಿದದ್ದುಂಟು. ರೇಷ್ಮೆ ಗೂಡಿನ ದರವೂ ಹಾಗೆಯೇ. ಹಾಲಿನ ಬಟವಾಡೆ ಮಾತ್ರ ತಪ್ಪುವುದಿಲ್ಲ ಎಂಬ ನಂಬಿಕೆಯ ಮೇಲೆ ಅಂಗಡಿಯ ಬಾಕಿ, ಚೀಟಿ ಫಂಡಿನ ಕಂತು, ಮಕ್ಕಳ ಶಾಲೆಯ ಶುಲ್ಕ ಎಲ್ಲವೂ ನಿಂತಿವೆ. ಹಾಗಿರುವಾಗ ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನ ತಿಂಗಳುಗಟ್ಟಲೆ ಬಾಕಿ ಉಳಿದ ಸುದ್ದಿ ಓದಿದಾಗ ನನಗೆ ಸಿಟ್ಟು ಬರುತ್ತದೆ. ದಾರಿ ಸಿದ್ಧವಿದೆ, ಪಟ್ಟಿ ಸಿದ್ಧವಿದೆ, ಖಾತೆ ಸಂಖ್ಯೆ ಸಿದ್ಧವಿದೆ.

2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ಕಡಿತವನ್ನೂ ಇದೇ ಕಣ್ಣಿನಲ್ಲಿ ನೋಡುತ್ತೇನೆ. ಹನಿ ನೀರಾವರಿ ಸಾಮಗ್ರಿ, ಟ್ರ್ಯಾಕ್ಟರ್‌ಗಳ ತೆರಿಗೆ ಶೇ 12ರಿಂದ 5ಕ್ಕೆ ಇಳಿದದ್ದು ಬಯಲುಸೀಮೆಗೆ ನಿಜವಾದ ಉಪಕಾರ. ಸಾಮಾನ್ಯ ಬೈಕುಗಳಿಗೆ 28ರಿಂದ 18 ಆಯಿತು, ಸಿಮೆಂಟಿಗೂ ಅಷ್ಟೇ. ಸ್ನಾನದ ಸೋಪು, ಶಾಂಪೂ 18ರಿಂದ 5ಕ್ಕೆ ಬಂದವು. ಆದರೆ ಹಳ್ಳಿಯ ಅಂಗಡಿಯಲ್ಲಿ ಓಡುವುದು ಐದು, ಹತ್ತು ರೂಪಾಯಿಯ ಪೊಟ್ಟಣ. ಅವುಗಳ ಬೆಲೆ ಇಳಿಸುವ ಬದಲು ತೂಕ ಹೆಚ್ಚಿಸುವ ದಾರಿಯನ್ನು ಹಲವು ಕಂಪನಿಗಳು ಹಿಡಿದವು. ಕೂಲಿಯವಳ ಸೆರಗಿನ ಗಂಟಿನಲ್ಲಿ ಅದರಿಂದ ಒಂದು ರೂಪಾಯಿಯೂ ಉಳಿಯಲಿಲ್ಲ.

ಇನ್ನೊಮ್ಮೆ ಮಾರುಕಟ್ಟೆ ಮಲಗಿದಾಗ ಜಪಾನಿನ ಕೂಪನ್ನನ್ನು ಚಿಂತಾಮಣಿಗೆ ತನ್ನಿ ಎಂದು ನಾನು ಹೇಳುವುದಿಲ್ಲ. ಖರ್ಚು ಮಾಡೆಂದು ಗಡುವು ಹಾಕಬೇಕಾದದ್ದು ನನ್ನಂಥವರಿಗೆ. ಅಕ್ಕನಿಗೆ ಗಡುವು ಬೇಡ. ಗಡುವು ಹಣ ಕೊಡುವವರಿಗೆ ಇರಲಿ. ಮೂರು ತಿಂಗಳು ಹಾಲಿನ ಬಟವಾಡೆಯ ಜತೆಗೇ ಲೀಟರಿಗೆ ಇಷ್ಟು ಎಂದು ಹೆಚ್ಚಿಗೆ ಕೊಡಲಿ, ಅರ್ಜಿ ಕೇಳದೆ. ಹಸುವಿಲ್ಲದ ಕೂಲಿಯವರಿಗೆ ಉದ್ಯೋಗ ಖಾತ್ರಿಯ ಕೆಲಸ ಹೆಚ್ಚಿಸಲಿ. 2020ರಲ್ಲಿ ಅದಕ್ಕೆ 40,000 ಕೋಟಿ ಹೆಚ್ಚುವರಿಯಾಗಿ ಕೊಟ್ಟದ್ದು ಒಳ್ಳೆಯ ನಿರ್ಧಾರ. ಹದಿನೈದು ದಿನದೊಳಗೆ ಕೂಲಿ ಎಂಬ ಮಾತು ಕಾಗದದಲ್ಲಿ ಉಳಿಯಬಾರದು, ಅಷ್ಟೇ.

ಸಣ್ಣ ಅಂಗಡಿಗೆ ಪಾಲು ಮೀಸಲಿಡುವ ಪದ್ಧತಿಯನ್ನು ಮಾತ್ರ ಜಪಾನಿನಿಂದ ಧಾರಾಳವಾಗಿ ತರಬಹುದು. ಸಂಬಳದಾರರಿಗೆ ಹಬ್ಬದ ಮುಂಗಡ ಕೊಡುವಾಗ ಅರ್ಧ ಭಾಗ ತಾಲ್ಲೂಕಿನ ಚಿಕ್ಕ ಅಂಗಡಿಗಳಲ್ಲೇ ನಡೆಯುವಂತೆ ಮಾಡಲು ತಂತ್ರಜ್ಞಾನವೂ ನಮ್ಮಲ್ಲಿದೆ. ನಿಗದಿತ ಉದ್ದೇಶಕ್ಕೇ ಬಳಸಬೇಕಾದ ಡಿಜಿಟಲ್ ಚೀಟಿ ಇ-ರುಪಿ 2021ರ ಆಗಸ್ಟ್‌ನಲ್ಲೇ ಬಂದಿದೆ. ಅಡ್ಡಿ ಇರುವುದು ಬೇರೆಡೆ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಹೋದಾಗ ಎಷ್ಟೋ ಅಂಗಡಿಗಳು ಕ್ಯೂಆರ್ ಕೋಡ್ ಕಿತ್ತು ನಗದು ಮಾತ್ರ ಎಂದು ಬರೆದು ಹಾಕಿದವು. ಆ ಭಯ ಇನ್ನೂ ಹೋಗಿಲ್ಲ. ಸರ್ಕಾರದ ಚೀಟಿ ಪಡೆದ ಅಂಗಡಿಗೆ ಆ ಚೀಟಿಯ ಲೆಕ್ಕ ಹಿಡಿದು ನೋಟಿಸ್ ಬರುವುದಿಲ್ಲ ಎಂದು ವಾಣಿಜ್ಯ ತೆರಿಗೆ ಇಲಾಖೆ ಮೊದಲು ಲಿಖಿತವಾಗಿ ಹೇಳಬೇಕು, ಅದೂ ಕನ್ನಡದಲ್ಲಿ, ಅಂಗಡಿಯ ಗೋಡೆಗೆ ಅಂಟಿಸಬಹುದಾದಂತೆ.