ಎಲ್ಲರಿಗೂ ಒಂದೇ ಅಳತೆಯ ಶಾಲು

ಸೆಪ್ಟೆಂಬರ್ 23 ಬಂತು, ಹೋಯ್ತು. ಪೌರಕಾರ್ಮಿಕರ ದಿನ. ಮರುದಿನ ಪೇಪರಿನಲ್ಲಿ ಬಂದ ಫೋಟೋ ನೀವೂ ನೋಡಿರುತ್ತೀರಿ. ಮುಂದಿನ ಸಾಲಿನಲ್ಲಿ ಶಾಲು ಹೊದ್ದ ಹೆಂಗಸರು, ಹಿಂದೆ ಹಲ್ಲು ಬಿಟ್ಟು ನಿಂತ ಗಣ್ಯರು. ಕಾರವಾರದಿಂದ ಭಟ್ಕಳದವರೆಗೆ ಹೋಗಿ, ಘಟ್ಟ ಹತ್ತಿ ಶಿರಸಿಗೆ ಬನ್ನಿ, ಅದೇ ಫೋಟೋ. ನಮ್ಮೂರು ಯಾವುದು ಅಂತ ಮಾತ್ರ ಕೇಳಬೇಡಿ. ಹೇಳಿದರೆ ನಾಳೆಯಿಂದ ನಮ್ಮ ಮನೆ ಕಸ ಅಲ್ಲೇ ಕೊಳೀತದೆ.

ಆ ಶಾಲಿನ ಮೇಲೆ ನನಗೆ ಬಹಳ ಗೌರವ. ಖಾಯಂನವರು, ಖಾಯಂ ಆಗದೆ ನಗರಾಡಳಿತದಿಂದಲೇ ಸಂಬಳ ಪಡೆಯುವ ನೇರಪಾವತಿಯವರು, ಏಜೆನ್ಸಿ ಮೂಲಕ ಬರುವ ಹೊರಗುತ್ತಿಗೆಯವರು, ಮೂವರಿಗೂ ಒಂದೇ ಅಳತೆಯಲ್ಲಿ ಸಿಗುವುದು ಅದೊಂದೇ. ಹಸಿ ಕಸ, ಒಣ ಕಸ ಬೇರೆ ಮಾಡಿ ಅಂತ ನಮಗೆ ವರ್ಷಗಟ್ಟಲೆ ಹೇಳಬೇಕಾಯ್ತು, ಇನ್ನೂ ಕಲಿತಿಲ್ಲ. ಆಡಳಿತದವರು ಜಾಣರು. ಕಸ ಎತ್ತುವವರನ್ನೇ ಯಾವತ್ತೋ ವಿಂಗಡಿಸಿಟ್ಟಿದ್ದಾರೆ.

ನಮ್ಮ ಗೇಟಿನ ಎದುರಿಗೇ ಗಟಾರ. ಮಳೆ ಹಿಡಿಯುವ ಮುಂಚೆ ಹೂಳು ತೆಗೆಯಲು ಇಬ್ಬರು ಬರ್ತಾರೆ. ಒಬ್ಬರು ಸಲಿಕೆಯಲ್ಲಿ ಎಳೆದು ಹಾಕುತ್ತಾರೆ, ಇನ್ನೊಬ್ಬರು ಬುಟ್ಟಿಗೆ ತುಂಬುತ್ತಾರೆ. ಕೈ ಸೋತಾಗ ಸಲಿಕೆ ಅದಲುಬದಲಾಗುತ್ತದೆ. ಸಂಬಳ ಆಗೋದಿಲ್ಲ. ಒಬ್ಬರು ಖಾಯಂ, ಒಬ್ಬರು ಏಜೆನ್ಸಿ. 2024ರ ಆಗಸ್ಟಿನಲ್ಲಿ 7ನೇ ವೇತನ ಆಯೋಗದ ಶೇ 27.5 ಏರಿಕೆ ಬಂತಲ್ಲ, ಅದು ಖಾಯಂನವರ ಕೈಗೆ ಸೇರಿತು. ಪಕ್ಕದಲ್ಲೇ ಇದ್ದ ಬುಟ್ಟಿಗೆ ಹೂಳು ಮಾತ್ರ ಬಿತ್ತು.

'ಗಟಾರ ಒಂದೇ ಅಲ್ವಾ?' ಅಂತ ಒಮ್ಮೆ ಕೇಳಿದೆ.

'ಒಂದೇ ಹೆಂಗಾಗ್ತದೆ ಮಾಸ್ತರ್ರೆ? ಆ ದಂಡೆ ಸರ್ಕಾರದ್ದು, ಈ ದಂಡೆ ಏಜೆನ್ಸಿದು' ಅಂದರು ಬುಟ್ಟಿಯವರು. ಇಬ್ಬರೂ ನಕ್ಕರು.

ಕಾನೂನು ಇಲ್ಲ ಅಂತಲ್ಲ. ಗಂಡಿಗೂ ಹೆಣ್ಣಿಗೂ ಸಮಾನ ಕೆಲಸಕ್ಕೆ ಸಮಾನ ವೇತನ ಅಂತ ಸಂವಿಧಾನದ 39ನೇ ವಿಧಿ ಹೇಳಿದೆ. 1976ರಲ್ಲಿ ಅದಕ್ಕೊಂದು ಕಾಯ್ದೆಯೂ ಆಯ್ತು. ಒಂದೇ ಕೆಲಸ ಮಾಡುವ ತಾತ್ಕಾಲಿಕ ನೌಕರರಿಗೂ ಖಾಯಂನವರ ವೇತನ ಶ್ರೇಣಿಯ ಕನಿಷ್ಠ ಮೂಲವೇತನ ಕೊಡಿ ಅಂತ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮಂಗಲಾ ಎಕ್ಸ್‌ಪ್ರೆಸ್ ದಿಲ್ಲಿ ಬಿಟ್ಟು ಎರಡು ದಿನದೊಳಗೆ ಕಾರವಾರ ಮುಟ್ಟುತ್ತದೆ. ಆ ತೀರ್ಪು ಎಲ್ಲಿ ಕ್ರಾಸಿಂಗಿಗೆ ನಿಂತಿದೆಯೋ! ಬಂದರೂ ಏಜೆನ್ಸಿ ಕೆಲಸಗಾರರಿಗೆ ಹೇಳಲು ಆಡಳಿತದವರ ಹತ್ತಿರ ಉತ್ತರ ರೆಡಿ ಇದೆ: ನೀವು ನಮ್ಮ ನೌಕರರೇ ಅಲ್ಲ. ಗಟಾರ ನಮ್ಮದು, ಕಸ ನಮ್ಮದು, ಎತ್ತುವವರು ಮಾತ್ರ ಯಾರೋ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನವರಿಗೆ ಈ ಬುದ್ಧಿ ಇರಲಿಲ್ಲ, ಪಾಪ. ಕಸದ ಗಾಡಿಯ ಗಂಡಸರಿಗೆ ಬೋನಸ್ ಕೊಟ್ಟು, ಅಡುಗೆ ಮಾಡುವ, ಗುಡಿಸುವ, ಮುದುಕರನ್ನು ನೋಡಿಕೊಳ್ಳುವ ಹೆಂಗಸರಿಗೆ ಕೊಡಲಿಲ್ಲ. ಹೆಂಗಸರು ಕೋರ್ಟಿಗೆ ಹೋದರು, ಗೆದ್ದರು. 2023ರ ಸೆಪ್ಟೆಂಬರಿನಲ್ಲಿ ಆ ನಗರಾಡಳಿತ ಕೈ ಎತ್ತಿತು. ಬಾಕಿ 76 ಕೋಟಿ ಪೌಂಡ್‌ವರೆಗೂ ಹೋಗಬಹುದು ಅಂತ ಆಗಿನ ಲೆಕ್ಕ. ಸಮಾನ ವೇತನ ಕೊಡಬೇಕಾಗಿ ದಿವಾಳಿ! ನಮ್ಮಲ್ಲಿ ಆ ಹೆದರಿಕೆಯೇ ಇಲ್ಲ. ಮಧ್ಯೆ ಒಂದು ಟೆಂಡರ್ ಇಟ್ಟರೆ ಮುಗೀತು.

ಮಾಸ್ತರ್ರು ಮಾತ್ರ ಭಾರೀ ಸಾಚಾ ಅಂದುಕೊಳ್ಳಬೇಡಿ. ನಮ್ಮದೂ ಒಂದು ತುಂಡು ಅಡಿಕೆ ತೋಟ ಉಂಟು. ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಒಂದು. ಯಾಕೆ ಅಂತ ಅಪ್ಪನ್ನ ನಾನು ಕೇಳಲಿಲ್ಲ, ನನ್ನ ಮಗ ನನ್ನನ್ನ ಕೇಳಲಿಲ್ಲ. 'ಮರ ಹತ್ತೋದು ಗಂಡಾಳು' ಅಂತೇವೆ. ಮರ ಹತ್ತದ ಗಂಡಾಳಿಗೂ ಅದೇ ಜಾಸ್ತಿ ಕೂಲಿ ಕೊಡ್ತೇವೆ. ಕೊಟ್ಟಿಗೆಯಿಂದ ತಲೆ ಮೇಲೆ ಗೊಬ್ಬರ ಹೊತ್ತು ಕಡಿದಾದ ಧರೆ ಇಳಿಯೋದು ಯಾರು? ಹೋಗಲಿ ಬಿಡಿ, ಮನೆ ಮಾತು.

ಸಮಾರಂಭಕ್ಕೆ ನಾನೂ ಹೋಗಿದ್ದೆ. 'ನೀವು ಸ್ವಚ್ಛತೆಯ ಸೈನಿಕರು' ಅಂದರು ಒಬ್ಬರು. 'ನಮ್ಮ ತಾಯಂದಿರು' ಅಂದರು ಇನ್ನೊಬ್ಬರು. ತಾಯಿಯನ್ನು ಯಾರಾದರೂ ಏಜೆನ್ಸಿಯಿಂದ ತರಿಸ್ತಾರಾ ಮಾರಾಯ್ರೆ? ಮಳೆಗಾಲದಲ್ಲಿ ಮೊಣಕಾಲು ಮುಳುಗುವ ನೀರಲ್ಲಿ ನಿಂತವರಿಗೆ, ಹರಿದ ಗ್ಲೌಸಿನಲ್ಲಿ ನಮ್ಮ ಮನೆಯ ಡೈಪರ್ ಎತ್ತುವವರಿಗೆ, ನಿಮ್ಮ ಕೆಲಸ ದೇವರ ಕೆಲಸ ಅಂತ ಮೈಕಿನಲ್ಲಿ ಹೇಳೋದು, ಸಂಬಳ ಕೇಳಿದರೆ ಏಜೆನ್ಸಿ ಕಡೆ ಬೆರಳು ತೋರಿಸೋದು. ಇದು ನಗುವ ವಿಷಯವೇ ಅಲ್ಲ. ನಾಚಿಕೆಗೇಡು. ನನಗೂ ಬರೆದು ಬರೆದು ಸಾಕಾಗಿದೆ.

ಮರುದಿನ ಬೆಳಿಗ್ಗೆ ಬುಟ್ಟಿಯವರು ಬಂದಾಗ ಶಾಲು ಏನು ಮಾಡಿದ್ರಿ ಅಂತ ಕೇಳಿದೆ.

'ಹೋದ ವರ್ಷದ್ದರ ಸಂಗ್ತಿ ಇಟ್ಟೆ. ಅದಿರ್ಲಿ ಮಾಸ್ತರ್ರೆ, ನಿಮ್ಗೆ ಆ ಸೂಪರ್‌ವೈಸರ್ ಗುರ್ತ ಉಂಟಲ್ಲ? ಆಗಸ್ಟಿಂದು ಯಾವಾಗ ಹಾಕ್ತಾರೆ ಕೇಳಿ ಹೇಳ್ತೀರಾ?'