ಕಸ ಬೀಳಿಸಲು ಆಕ್ಸಿಟೋಸಿನ್ ಒಂದೇ ಸಾಕಾ?

ಹಸು ಕರು ಹಾಕಿ 12 ಗಂಟೆಯಾದರೂ ಕಸ (ಮಾಸು) ಬೀಳದಿದ್ದರೆ ಆಕ್ಸಿಟೋಸಿನ್ ಇಂಜೆಕ್ಷನ್ ಸಾಕು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಒಪ್ಪೋದು ಕಷ್ಟ. ಅದು ಗರ್ಭಕೋಶವನ್ನು ಹಿಂಡುತ್ತದೆ, ಅಷ್ಟೇ. ಕಸ ಉಳಿಯುವುದು ಹೆಚ್ಚಾಗಿ ಹಿಂಡುವ ಶಕ್ತಿ ಸಾಲದೆ ಅಲ್ಲ, ಗರ್ಭಕೋಶದ ಒಳಗೋಡೆಯ ಗುಬುಟುಗಳಿಗೆ (ಗುಂಡಿಯಂಥ ಉಬ್ಬುಗಳಿಗೆ) ಅದು ಅಂಟಿಕೊಂಡೇ ಇರುವುದರಿಂದ. ಈ ಅಂಟು ಸಡಿಲವಾಗುವ ಕೆಲಸ ಕರು ಹಾಕುವ ಮೊದಲೇ ಶುರುವಾಗಬೇಕು. ಗರ್ಭ ಉಳಿಸುವ ಹಾರ್ಮೋನ್ ಪ್ರೊಜೆಸ್ಟರಾನ್ ಇಳಿಯಬೇಕು, ರಕ್ತದ ಬಿಳಿಕಣಗಳು ಚುರುಕಾಗಿರಬೇಕು. ಆ ಚುರುಕಿಗೆ ಸೆಲೆನಿಯಂ, ವಿಟಮಿನ್ ಇ ಬೇಕು. ಹಾಲು ಬತ್ತಿಸಿದ ಹಸುವಿಗೆ ಬರೀ ಒಣಹುಲ್ಲು ಹಾಕಿದರೆ ಅವು ಎಲ್ಲಿಂದ ಬರಬೇಕು? ಲೇಖನದಲ್ಲಿ ಇದರ ಸುದ್ದಿಯೇ ಇಲ್ಲ.

ನಮ್ಮ ಕಡೆ ನೇತಾಡುವ ಕಸಕ್ಕೆ ಕಲ್ಲು ಕಟ್ಟುವವರು ಈಗಲೂ ಇದ್ದಾರೆ. ಕೈ ಹಾಕಿ ಕೀಳಿಸೋದು ಇನ್ನೂ ಕೆಟ್ಟದ್ದು, ಒಳಗೆ ಗಾಯವಾಗಿ ಕೀವು ತುಂಬುತ್ತದೆ. ಹಸು ಮೇವು ತಿನ್ನುತ್ತಿದ್ದರೆ ಎಳೆಯದೆ ಬಿಡಿ, ದಿನಾ ಜ್ವರ ನೋಡಿ. ಮೈ ಬಿಸಿಯಾಗಿ ಮೇವು ಬಿಟ್ಟರೆ ತಕ್ಷಣ ಡಾಕ್ಟರನ್ನು ಕರೆಸಿ.