ನಿಂಬೆ, ನೊರೆ, ನೀಲಿ

ಬಸವನಗುಡಿಯಲ್ಲಿ ಛತ್ರ ಗೊತ್ತಾದ ಕೂಡಲೇ ಮದುವೆ ಮನೆಯ ವಾಟ್ಸಾಪ್ ಗ್ರೂಪಿಗೆ ಅಡುಗೆಯವರ ನಂಬರು ಬರುತ್ತದೆ, ಸೀರೆಯ ಫೋಟೊ ಬರುತ್ತದೆ, ಹಿಂದೆಯೇ ಹಲ್ಲು ಬೆಳ್ಳಗಾಗಲೆಂದು ನಿಂಬೆರಸಕ್ಕೆ ಅಡುಗೆ ಸೋಡಾ ಕಲಸಿ ಉಜ್ಜುವ ವಿಡಿಯೊ. ಬುಸ್ಸೆಂದು ನೊರೆ ಉಕ್ಕಿತಲ್ಲ, ಕೊಳೆ ಹೋಯಿತಂತೆ! ಹುಳಿಯೂ ಸೋಡಾವೂ ಕಿತ್ತಾಡಿ ಬಿಟ್ಟ ಗ್ಯಾಸು ಅದು, ಅಷ್ಟೇ. ಸೋಡಾ ಕಮ್ಮಿಯಾಯಿತೋ, ಉಳಿದ ಹುಳಿ ಹಲ್ಲನ್ನೇ ತಿನ್ನುತ್ತದೆ. ಹುಳಿಯನ್ನು ಅಳೆಯುವುದು ಪಿಎಚ್‌ನಲ್ಲಿ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ; ಅದು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಹೊರಪದರ, ಅಂದರೆ ಎನಾಮಲ್, ಕರಗಲು ಶುರು. ನಿಂಬೆರಸದ್ದು 2ರ ಆಸುಪಾಸು. ಎನಾಮಲ್ ತೆಳುವಾದಷ್ಟೂ ಒಳಗಿನ ಪದರ ಡೆಂಟಿನ್ ಇಣುಕುತ್ತದೆ, ಅದರ ಬಣ್ಣವೇ ಹಳದಿ. ಹೋದ ಎನಾಮಲ್ ಮತ್ತೆ ಬೆಳೆಯುವುದಿಲ್ಲ.

ಉಜ್ಜಿದ ಕೂಡಲೇ ಬಿಳುಪು ಎನ್ನುವ ಕೆಲವು ಪೇಸ್ಟುಗಳ ಗುಟ್ಟು ಬಿಳಿ ಪಂಚೆ ಉಡುವವರಿಗೆಲ್ಲ ಗೊತ್ತಿರುವಂಥದ್ದೇ: ನೀಲಿ. ಪಂಚೆಗೆ ನೀಲಿ ಹಾಕುವುದೂ ಒಂದು ಕೈಗುಣ. ಸೋಪು ಪೂರ್ತಿ ಹೋಗುವಂತೆ ಜಾಲಿಸಿರಬೇಕು. ಅರ್ಧ ಬಕೆಟ್ ನೀರಿಗೆ ನಾಲ್ಕೈದು ಹನಿ ಬಿಟ್ಟು ಚೆನ್ನಾಗಿ ಕದಡಿ, ಒದ್ದೆ ಪಂಚೆಯನ್ನು ಬಿಡಿಸಿ ಅದ್ದಬೇಕು. ಮುದ್ದೆ ಮಾಡಿ ಅದ್ದಿದರೆ ಮಡಿಕೆ ಮಡಿಕೆಗೂ ಗೆರೆ. ಹನಿ ನೇರವಾಗಿ ಬಟ್ಟೆಯ ಮೇಲೇ ಬಿತ್ತೋ, ಪಂಚೆಯ ತುಂಬ ಹಳೇ ಬೆಂಗಳೂರಿನ ಕೆರೆಗಳ ನಕ್ಷೆ. ಸರಿಯಾಗಿ ಬಿದ್ದರೆ ಹಳದಿ ಮಾಯ. ಹಳದಿ ಅಲ್ಲೇ ಇರುತ್ತದೆ, ಕಣ್ಣಿಗೆ ಕಾಣದು. ಪೇಸ್ಟಿನ ನೀಲಿಯೂ ಅಷ್ಟೇ, ಕೆಲವು ಗಂಟೆಗಳ ಮಾತು.

ನಿಜವಾಗಿ ಹಲ್ಲಿನ ಬಣ್ಣ ತಿಳಿಯಾಗುವುದು ಪೆರಾಕ್ಸೈಡ್ ಎಂಬ ಬ್ಲೀಚಿನಿಂದ. ಮೊದಲು ಹಲ್ಲಿನ ಡಾಕ್ಟರು ಹುಳುಕು ನೋಡಿ, ಅಚ್ಚು ತೆಗೆದು ಹಲ್ಲಿನ ಸಾಲಿಗೆ ಕೂರುವ ಟ್ರೇ ಮಾಡಿಕೊಡಬೇಕು. 10% ಕಾರ್ಬಮೈಡ್ ಪೆರಾಕ್ಸೈಡ್ ಜೆಲ್ಲು, ಟ್ರೇಯಲ್ಲಿ ಒಂದೊಂದು ಹಲ್ಲು ಕೂರುವ ಗುಳಿಗೂ ಅಕ್ಕಿಕಾಳಿನಷ್ಟು, ರಾತ್ರಿ ಮಲಗುವಾಗ, ಸುಮಾರು ಎರಡು ವಾರ. ಹೆಚ್ಚು ಹಾಕಿದರೆ ವಸಡಿಗೆ ಉಕ್ಕಿ ಉರಿಯುತ್ತದೆ, ಒರೆಸಿ ತೆಗೆಯಬೇಕು. ಹಲ್ಲು ಜುಮ್ಮೆಂದರೆ ದಿನ ಬಿಟ್ಟು ದಿನ, ಜೊತೆಗೆ ಪೊಟ್ಯಾಶಿಯಂ ನೈಟ್ರೇಟ್ ಇರುವ ಪೇಸ್ಟು. ಕ್ಯಾಪ್ ಹಾಕಿಸಿದ ಹಲ್ಲು ಮಾತ್ರ ಜಪ್ಪಯ್ಯ ಅಂದರೂ ಬದಲಾಗದು. ಪಕ್ಕದವು ಬೆಳ್ಳಗಾದಷ್ಟೂ ಮದುವೆ ಫೋಟೊದಲ್ಲಿ ಅದೇ ಎದ್ದು ಕಾಣುತ್ತದೆ. ಚಿಕ್ಕಂದಿನಲ್ಲಿ ಕೋಲಾರದ ಕಡೆಯ ಫ್ಲೋರೈಡ್ ನೀರು ಕುಡಿದು ಬಂದ ಕಂದು ಕಲೆಯಂತೂ ಉಜ್ಜಿದರೆ ಹೋಗುವಂಥದ್ದಲ್ಲ, ಅದು ಎನಾಮಲ್ಲಿನ ಒಳಗೇ ಕೂತಿರುತ್ತದೆ.

ಆ ಎರಡು ವಾರ ಕಾಫಿ ಬೇಡ ಅನ್ನುತ್ತಾರೆ. ಬಿಡಲಾಗದಿದ್ದರೆ ಸ್ಟ್ರಾ ಹಾಕಿಕೊಂಡು ಕುಡಿಯಿರಿ ಎಂಬ ಪರಿಹಾರವೂ ಉಂಟು. ಬೈಟು ಕಾಫಿಗೆ, ಹಬೆಯಾಡುವ ಸ್ಟೀಲ್ ಲೋಟಕ್ಕೆ, ಸ್ಟ್ರಾ! ಕುಡಿದಾದ ಮೇಲೆ ನೀರು ಮುಕ್ಕಳಿಸಿದರಾಯಿತಪ್ಪ.